ಊರಿನ ಹೆಸರಿನ ಬೇರು ಹುಡುಕುವ ಬಗೆ: ಆಸ್ಟ್ರೇಲಿಯಾದ ಹಾಲ್‌ಬ್ರೂಕ್ ಉದಾಹರಣೆಯೊಂದಿಗೆ

ಆಸ್ಟ್ರೇಲಿಯಾದ ಹಳ್ಳಿಗಾಡಿನ ಊರೊಂದರ ಹೆಸರಿನ ಮೂಲ ಹುಡುಕಲು ಹೊರಟವರು ಮೊದಲು ಅರ್ಥದ ಬೆನ್ನು ಹತ್ತುತ್ತಾರೆ. ದಾರಿ ತಪ್ಪುವುದೇ ಅಲ್ಲಿ. ಆ ಊರಿಗೆ ಇದ್ದ ಹೆಸರುಗಳನ್ನೆಲ್ಲ ಇಸವಿ ಸಮೇತ ಸಾಲಾಗಿ ಬರೆದುಕೊಳ್ಳಿ, ಅರ್ಥ ಆಮೇಲೆ.

ನ್ಯೂ ಸೌತ್ ವೇಲ್ಸ್‌ನ ಹಾಲ್‌ಬ್ರೂಕ್ ಮೊದಲು ಟೆನ್ ಮೈಲ್ ಕ್ರೀಕ್ ಆಗಿತ್ತು. ಜರ್ಮನಿಯಿಂದ ಬಂದವನೊಬ್ಬ ಅಲ್ಲಿ ಹೋಟೆಲು ನಡೆಸಿದ ಮೇಲೆ ಜರ್ಮನ್‌ಟನ್ ಎಂಬ ಹೆಸರು ನಿಂತಿತು. ಮೊದಲ ಮಹಾಯುದ್ಧದಲ್ಲಿ ಆ ಹೆಸರು ಜನರಿಗೆ ಬೇಡವಾಯಿತು. 1914ರ ಡಿಸೆಂಬರಿನಲ್ಲಿ ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ಬ್ರಿಟನ್ನಿನ ಬಿ11 ಜಲಾಂತರ್ಗಾಮಿಯಿಂದ ತುರ್ಕಿಯ ಯುದ್ಧನೌಕೆ ಮುಳುಗಿಸಿದ್ದ ಲೆಫ್ಟಿನೆಂಟ್ ನಾರ್ಮನ್ ಹಾಲ್‌ಬ್ರೂಕ್ ಹೆಸರನ್ನು 1915ರಲ್ಲಿ ಊರಿಗೆ ಇಟ್ಟರು. ಕಡಲಿಂದ ಬಹುದೂರದ ಈ ಊರಿನ ಹುಲ್ಲುಹಾಸಿನ ಮೇಲೆ ಆಸ್ಟ್ರೇಲಿಯಾ ನೌಕಾಪಡೆಯ ಒಟ್ವೇ ಎಂಬ ಜಲಾಂತರ್ಗಾಮಿಯ ಮೇಲುಭಾಗ ಕಪ್ಪಗೆ ಕೂತಿದೆ. ಅದು ಕೂತಿರುವ ಉದ್ಯಾನದ ಹೆಸರು ಇಂದಿಗೂ ಜರ್ಮನ್‌ಟನ್ ಪಾರ್ಕ್! ಹಳೆಯ ಹೆಸರು ಹೀಗೆ ಪಾರ್ಕು, ಬೀದಿ, ಹಳ್ಳಗಳಲ್ಲಿ ಉಳಿದಿರುತ್ತದೆ. ನಕ್ಷೆಯಲ್ಲಿ ಮೊದಲು ಅವನ್ನೇ ನೋಡಿ.

ಆಮೇಲೆ ಹಳೆಯ ಪತ್ರಿಕೆಗಳಲ್ಲಿ ಹುಡುಕಲು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣ. ಅದು ಉಚಿತ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಹತ್ತು ಹತ್ತು ವರ್ಷದ ಅವಧಿ ಕೊಟ್ಟು, ಹಳೆಯ ಕಾಲದಿಂದ ಮುಂದಕ್ಕೆ ಬನ್ನಿ. 1890ರ ಪತ್ರಿಕೆಗಳಲ್ಲಿ ಹಾಲ್‌ಬ್ರೂಕ್ ಎಂದು ಹುಡುಕಿದರೆ ಈ ಊರು ಸಿಗುವುದಿಲ್ಲ, ಜರ್ಮನ್‌ಟನ್ ಎಂದೇ ಕೊಡಬೇಕು. ಅಲ್ಲಿನ ಪಠ್ಯ ಪುಟದ ಚಿತ್ರದಿಂದ ಯಂತ್ರ ಓದಿ ತೆಗೆದದ್ದು, ಅಕ್ಷರಗಳು ತಪ್ಪಿರುತ್ತವೆ. ಹಾಗಾಗಿ ಕಾಗುಣಿತ ಬದಲಿಸಿ ಮೂರು ನಾಲ್ಕು ಸಲ ಹುಡುಕಿ, ಸಿಕ್ಕಿದ್ದನ್ನು ಪುಟದ ಚಿತ್ರದಲ್ಲೇ ಓದಿ. ಅಲ್ಲಿರುವ ಪತ್ರಿಕೆಗಳು ಬಹುಪಾಲು 1954ರವರೆಗಿನವು. ಅಧಿಕೃತ ದಿನಾಂಕಕ್ಕೆ ಸರ್ಕಾರಿ ಗೆಜೆಟ್ ನೋಡಿ. ಆದರೆ ಜನ ಆ ಹೆಸರನ್ನು ಅದಕ್ಕೂ ಮೊದಲೇ ಬಳಸುತ್ತಿದ್ದಿರಬಹುದು.

ಸೌತ್ ಆಸ್ಟ್ರೇಲಿಯಾ ರಾಜ್ಯದಲ್ಲಾದರೆ 1917ರ ಕಾಯ್ದೆ ನೆನಪಿರಲಿ. ಅದು 69 ಜರ್ಮನ್ ಹೆಸರುಗಳನ್ನು ಅಳಿಸಿತು. ಅಲ್ಲಿನ ಹಾನ್‌ಡಾರ್ಫ್ ಎಂಬ ಊರು ಆಂಬಲ್‌ಸೈಡ್ ಆಗಿ, 1935ರಲ್ಲಿ ಮತ್ತೆ ಹಾನ್‌ಡಾರ್ಫ್ ಆಯಿತು.

ಮೂಲನಿವಾಸಿಗಳ ಭಾಷೆಯ ಹೆಸರಾದರೆ ಇನ್ನೂ ಎಚ್ಚರ ಬೇಕು. ನ್ಯೂ ಸೌತ್ ವೇಲ್ಸ್‌ನ ನಗರವಾದ ವಾಗಾ ವಾಗಾ ಎಂದರೆ 'ಕಾಗೆಗಳು ಹೆಚ್ಚಿರುವ ಜಾಗ' ಎಂದೇ ದಶಕಗಳ ಕಾಲ ಎಲ್ಲೆಡೆ ಬರೆದರು. ಆದರೆ ಆ ನೆಲದ ಮೂಲನಿವಾಸಿಗಳಾದ ವಿರಾಜುರಿ ಸಮುದಾಯದ ಹಿರಿಯರು ಹೇಳುವ ಅರ್ಥ ನೃತ್ಯ, ಸಂಭ್ರಮ. 2019ರಲ್ಲಿ ನಗರಸಭೆಯೂ ಅದನ್ನು ಒಪ್ಪಿತು. ವಲಸೆ ಬಂದವರು ಆ ಭಾಷೆ ಬಾರದೆ ಕಿವಿಗೆ ಕೇಳಿದಂತೆ ಬರೆದುಕೊಂಡಿದ್ದರಿಂದ ಇಂಥ ತಪ್ಪುಗಳು ಹುಟ್ಟಿದವು. ಆದ್ದರಿಂದ ಆ ನೆಲದ ಭಾಷೆ ಯಾವುದು ಎಂದು ಮೊದಲು ಗೊತ್ತುಮಾಡಿಕೊಂಡು, ಆ ಸಮುದಾಯದವರನ್ನೇ ಕೇಳಿ. ಸಿಕ್ಕ ಪ್ರತಿ ಅರ್ಥದ ಪಕ್ಕದಲ್ಲಿ ಯಾರು, ಯಾವ ವರ್ಷ ಹೇಳಿದ್ದು ಎಂದು ಬರೆಯಿರಿ. ಎರಡು ಅರ್ಥ ಉಳಿದುಕೊಂಡರೆ ಎರಡನ್ನೂ ಇಡಿ.