ಬೊಚ್ಚುಬಾಯಿಯೂ ಕಿವಿಯ ಮುಂದಿನ ಕೀಲೂ

ಕೃತಕ ದಂತಪಂಕ್ತಿ ಕೂರಿಸುವುದು ನನ್ನ ದಿನನಿತ್ಯದ ಕೆಲಸ. ಬೊಚ್ಚುಬಾಯಿ ಎಂದರೆ ಒಸಡು, ಅದರಡಿಯ ಮೂಳೆ, ಮೇಲೆ ಕೂರುವ ಸೆಟ್ಟು, ಇಷ್ಟೇ ಎಂದುಕೊಂಡು ಮೊದಲ ಕೆಲವು ವರ್ಷ ಕಳೆದೆ. ದವಡೆಯ ಕೀಲನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕಲಿಸಿದ್ದು ನಾನೇ ಕೆಡಿಸಿದ ಒಂದು ಕೆಲಸ.

ಎಪ್ಪತ್ತು ದಾಟಿದ ಹೆಂಗಸು. ಹದಿನೈದು ವರ್ಷ ಒಂದೇ ಸೆಟ್ಟು ಬಳಸಿದ್ದರು. ಅಕ್ರಿಲಿಕ್ ಹಲ್ಲುಗಳು ತೇದು ಚಪ್ಪಟೆಯಾಗಿದ್ದವು. ಬಾಯಿ ಮುಚ್ಚಿದರೆ ಗದ್ದ ಮೂಗಿನತ್ತ ಏರುತ್ತಿತ್ತು, ತುಟಿಯ ಮೂಲೆಗಳು ಮಡಚಿ ಬಿರಿದಿದ್ದವು. ಮೂಗಿನ ತುದಿಗೊಂದು, ಗದ್ದಕ್ಕೊಂದು ಚುಕ್ಕೆ ಇಟ್ಟು ಅಳೆದೆ. ದವಡೆ ಸಡಿಲವಾಗಿದ್ದಾಗಿನ ಅಳತೆಗೂ ಹಲ್ಲು ಕಚ್ಚಿದಾಗಿನ ಅಳತೆಗೂ ಸಾಮಾನ್ಯವಾಗಿ 2ರಿಂದ 4 ಮಿ.ಮೀ. ಅಂತರವಿರುತ್ತದೆ, ಅವರಲ್ಲಿ 9 ಇತ್ತು. ಸೆಟ್ಟಿನ ಎತ್ತರವನ್ನು 6 ಏರಿಸಿದರೆ 3 ಉಳಿಯುತ್ತದೆ, ಲೆಕ್ಕ ಮುಗಿಯಿತು. ಹೊಸ ಸೆಟ್ಟಿನಲ್ಲಿ ಅಷ್ಟನ್ನೂ ಒಮ್ಮೆಗೇ ಏರಿಸಿಬಿಟ್ಟೆ. ಮುಖ ತುಂಬಿಕೊಂಡಿತು. ಕನ್ನಡಿ ನೋಡಿ ಅವರು ನಕ್ಕರು, ನಾನು ಬೀಗಿದೆ.

ನಾಲ್ಕನೆಯ ದಿನ ಮರಳಿ ಬಂದರು. "ಡಾಕ್ಟರೇ, ಊಟ ಹಾಗಿರಲಿ, ಮಾತನಾಡಿದರೂ ಹಲ್ಲು ಟಕಟಕ ಎನ್ನುತ್ತದೆ. ಸಂಜೆಯಾದರೆ ಇಲ್ಲಿ ಹಿಡಿದುಕೊಳ್ಳುತ್ತದೆ" ಎಂದು ಕಿವಿಯ ಮುಂದೆ ಬೆರಳಿಟ್ಟು ತೋರಿಸಿದರು. ನಾನೂ ಅಲ್ಲೇ ಬೆರಳಿಟ್ಟು ಬಾಯಿ ತೆರೆಯಲು ಹೇಳಿದೆ. ಬಲಗಡೆ ಸಣ್ಣದೊಂದು 'ಕ್ಲಿಕ್' ಬೆರಳಿಗೆ ತಾಗಿತು. ಅದು ಮೊದಲೇ ಇತ್ತೋ, ನಾನು ತಂದಿಟ್ಟದ್ದೋ? ಮೊದಲ ದಿನ ಅಲ್ಲಿ ಬೆರಳಿಟ್ಟೇ ಇರಲಿಲ್ಲವಲ್ಲ! ಇಂದಿಗೂ ಚುಚ್ಚುವುದು ಅದೇ.

ಹಲ್ಲಿದ್ದಾಗ ದವಡೆ ಎಲ್ಲಿ ನಿಲ್ಲಬೇಕೆಂದು ಹಲ್ಲೇ ಹೇಳುತ್ತದೆ. ಬೇರಿನ ಸುತ್ತಲಿನ ತಂತುಗಳ ನರಗಳು ಕೂದಲೆಳೆಯ ದಪ್ಪವನ್ನೂ ಗುರುತಿಸುತ್ತವೆ. ಹಲ್ಲಿನ ಜೊತೆ ಅವೂ ಹೋದ ಮೇಲೆ ಆ ಹೊಣೆ ಸ್ನಾಯು ಮತ್ತು ಕೀಲಿನ ಮೇಲೆ ಬೀಳುತ್ತದೆ. ತಡೆಯಿಲ್ಲದ ಕೆಳದವಡೆ ಮೇಲಕ್ಕೂ ಮುಂದಕ್ಕೂ ತಿರುಗುತ್ತದೆ. ಕಾಲಕ್ರಮೇಣ ಕೀಲಿನ ಗುಳಿಯ ಮುಂದಿನ ದಿಬ್ಬ ತಗ್ಗಬಹುದು, ದವಡೆಯ ಗುಂಡುತಲೆಯ ಆಕಾರ ಬದಲಾಗಬಹುದು. ವಿಚಿತ್ರವೆಂದರೆ, ಎಕ್ಸ್‌ರೇಯಲ್ಲಿ ಇಷ್ಟೆಲ್ಲ ಕಂಡರೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ, ಕೀಲು ಹೊಂದಿಕೊಂಡಿರುತ್ತದೆ. ಆ ಹೊಂದಾಣಿಕೆಯನ್ನು ನಾನು ಒಂದೇ ದಿನದಲ್ಲಿ ಕದಡಿದ್ದೆ. ಹಲ್ಲು ಕಳೆದುಕೊಂಡವರ ಕಿವಿನೋವು, ತಲೆಸುತ್ತಿಗೆ ದವಡೆ ಅತಿಯಾಗಿ ಮುಚ್ಚಿಕೊಳ್ಳುವುದೇ ಕಾರಣವೆಂದು 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಕಿವಿ-ಮೂಗು-ಗಂಟಲು ವೈದ್ಯರು ಬರೆದಿದ್ದರು. ಅದಕ್ಕೆ ಅವರು ಕೊಟ್ಟ ಅಂಗರಚನೆಯ ವಿವರಣೆ ಮುಂದೆ ನಿಲ್ಲಲಿಲ್ಲ. ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಮಾತ್ರ ಉಳಿದುಕೊಂಡಿತು. ನಾನೂ ಅದರ ಭಕ್ತನೇ.

ಹೊಸದನ್ನು ಬದಿಗಿಟ್ಟು ಹಳೆಯ ಸೆಟ್ಟಿಗೇ ಮರಳಿದೆವು. ನೋವು ಇಳಿದ ಮೇಲೆ ಅದರ ಕೆಳಗಿನ ದವಡೆಹಲ್ಲುಗಳ ಮೇಲೆ ಅಕ್ರಿಲಿಕ್ ಹಚ್ಚಿ 2 ಮಿ.ಮೀ. ಏರಿಸಿದೆ. ಮೂರು ವಾರ ಬಿಟ್ಟು ಮತ್ತೆ 2. ಪ್ರತಿ ಸಲವೂ 'ಅಮ್ಮ' ಎನ್ನಿಸಿ, ತುಟಿ ತಾಗಿ ದವಡೆ ಸಡಿಲಗೊಂಡ ಗಳಿಗೆಯಲ್ಲಿ ಅಳೆದೆ. 'ಸಂತಸ, ಸರಸರ' ಎನ್ನಿಸಿ ಹಲ್ಲಿಗೆ ಹಲ್ಲು ತಾಗುವ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟೆ. ಅಂತರ 5ಕ್ಕೆ ಇಳಿದಿತ್ತು, ಪುಸ್ತಕದ 4 ಮುಟ್ಟಲು ಇನ್ನೂ 1 ಬಾಕಿ. ಸೇರಿಸಿ ನೋಡಿದೆ, ಎರಡೇ ದಿನಕ್ಕೆ ನೋವು ಮರಳಿತು. ಸುಮ್ಮನೆ ತೇದು ತೆಗೆದೆ.

ಅದೇ ಎತ್ತರಕ್ಕೆ ಮತ್ತೆ ಹೊಸ ಸೆಟ್ಟು ಮಾಡಲು ಕಚ್ಚಿನ ಅಳತೆ ತೆಗೆಯುವಾಗ ಇನ್ನೊಂದು ತೊಡಕು. ವರ್ಷಗಟ್ಟಲೆ ದವಡೆ ಮುಂದೆ ಚಾಚಿ ಕಚ್ಚಿದವರಿಗೆ "ಹಿಂದಕ್ಕೆ ಕಚ್ಚಿ" ಎಂದರೆ ಇನ್ನಷ್ಟು ಮುಂದೆ ತರುತ್ತಾರೆ. ಅಳತೆಗೆಂದು ಬಾಯಲ್ಲಿಟ್ಟ ಮೇಲಿನ ತಟ್ಟೆಯ ಹಿಂಭಾಗದ ನಡುವೆ ಕಡಲೆಕಾಳಿನಷ್ಟು ಮೇಣ ಅಂಟಿಸಿ, ನಾಲಿಗೆಯ ತುದಿಯಿಂದ ಅದನ್ನು ಮುಟ್ಟಿಕೊಂಡೇ ಬಾಯಿ ಮುಚ್ಚಲು ಹೇಳಿದೆ. ನಾಲಿಗೆ ಹಿಂದೆ ಸರಿದರೆ ದವಡೆಯೂ ಹಿಂಬಾಲಿಸುತ್ತದೆ. ಮೂರು ಸಲ ತೆಗೆದ ಅಳತೆ ಒಂದೇ ಆದ ಮೇಲೆಯೇ ಹಲ್ಲು ಜೋಡಿಸಿದ್ದು.

ಈಗ ಯಾರೇ ಬರಲಿ, ಬಾಯೊಳಗೆ ಕನ್ನಡಿ ಇಡುವ ಮೊದಲು ಎರಡೂ ಕಿವಿಗಳ ಮುಂದೆ ಬೆರಳಿಡುತ್ತೇನೆ. ಸದ್ದು, ನೋವು, ಬಾಯಿ ತೆರೆಯುವಾಗ ಗದ್ದ ಯಾವ ಕಡೆ ವಾಲುತ್ತದೆ ಎಂಬುದನ್ನು ಬರೆದಿಡುತ್ತೇನೆ. ಆ ಹೆಂಗಸಿನ ಬಲಗಡೆಯ ಕ್ಲಿಕ್ ಈಗಲೂ ಇದೆ. ನೋವಿಲ್ಲ, ಅದರ ತಂಟೆಗೆ ನಾನು ಹೋಗಿಲ್ಲ.