ಭಾಗ್ಯನಗರದ ಮನೆಗೆ ನಾನು ಸಾಲ ಆರಿಸಿದ ಬಗೆ

2024ರ ದಸರೆಯ ಹೊತ್ತಿಗೆ ಕೊಪ್ಪಳದ ರೈಲ್ವೆ ಹಳಿಯಾಚೆಯ ಭಾಗ್ಯನಗರದಲ್ಲಿ, ಮಗ್ಗದ ಸದ್ದು ಇನ್ನೂ ಕೇಳುವ ಓಣಿಯೊಂದರಲ್ಲಿ, 28 ಲಕ್ಷ ರೂಪಾಯಿಗೆ ಮನೆಯೊಂದರ ವ್ಯವಹಾರ ಕುದುರಿಸಿ ಒಂದು ಲಕ್ಷ ಸಂಚಕಾರ ಕೊಟ್ಟೆ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕನಾದ ನನಗೆ 22 ಲಕ್ಷ ಸಾಲ ಬೇಕಾಗಿತ್ತು. 30 ಲಕ್ಷದವರೆಗಿನ ಗೃಹಸಾಲಕ್ಕೆ ಆಸ್ತಿಯ ಬೆಲೆಯ ಶೇ. 90ರಷ್ಟರವರೆಗೆ ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿಯಮವಿದ್ದರೂ ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳು ಆ ಬೆಲೆಯಲ್ಲಿ ಸೇರುವುದಿಲ್ಲ. ಆ ಹಣವನ್ನು ಮೊದಲೇ ಬೇರೆ ತೆಗೆದಿಟ್ಟಿದ್ದರಿಂದ ನೋಂದಣಿಯ ದಿನ ಕೈಸಾಲಕ್ಕೆ ಓಡುವುದು ತಪ್ಪಿತು.

ಸಾಲಕ್ಕೆ ಅರ್ಜಿ ಹಾಕುವ ಮುನ್ನ ಗಂಗಾವತಿಯ ಮಾಮಾ, ಅಂದರೆ ನಮ್ಮ ಅಕ್ಕನ ಗಂಡ, ಒಂದು ಮಾತು ಹೇಳಿದ್ದರು: “ಬಡ್ಡಿ ಎಷ್ಟ ಅಂತ ಆಮ್ಯಾಲೆ ಕೇಳು, ಅದು ಯಾವುದಕ್ಕ ಜೋಡಿಸೇತಿ ಅಂತ ಮೊದಲ ಕೇಳು.” ಅವರು 2017ರಲ್ಲಿ ಬ್ಯಾಂಕಲ್ಲದ ಒಂದು ಗೃಹಸಾಲ ಸಂಸ್ಥೆಯಿಂದ 15 ಲಕ್ಷ ತಂದಿದ್ದರು. 2019ರ ಆರಂಭದಲ್ಲಿ ಶೇ. 6.5ರಷ್ಟಿದ್ದ ರೆಪೊ ದರ (ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) 2020ರ ಮೇ ತಿಂಗಳಲ್ಲಿ ಶೇ. 4ಕ್ಕೆ ಇಳಿದಾಗಲೂ ಅವರ ಬಡ್ಡಿ ಇದ್ದಲ್ಲಿಯೇ ಇತ್ತು. ವಿಚಾರಿಸಿದರೆ, ಹೊಸ ದರ ಬೇಕಾದರೆ ಬದಲಾವಣೆ ಶುಲ್ಕ ಕಟ್ಟಿ ಎಂಬ ಉತ್ತರ ಬಂತು. 2022ರಲ್ಲಿ ರೆಪೊ ಏರತೊಡಗಿದಾಗ ಮಾತ್ರ ಬಡ್ಡಿ ತಡವಿಲ್ಲದೆ ಏರಿತು. ಸಂಸ್ಥೆ ಮಾಡಿದ್ದರಲ್ಲಿ ನಿಯಮಬಾಹಿರವಾದುದು ಏನೂ ಇರಲಿಲ್ಲ ಎಂಬುದೇ ಇಲ್ಲಿ ತಿಳಿಯಬೇಕಾದ ಸಂಗತಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಗೃಹಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಿ, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಲೇಬೇಕು. ಗೃಹಸಾಲ ಸಂಸ್ಥೆಗಳಿಗೆ ಆ ಕಟ್ಟುಪಾಡು ಇಲ್ಲದಿರುವುದರಿಂದ ಅವು ತಮ್ಮದೇ ಮೂಲದರವನ್ನು ಇಟ್ಟುಕೊಳ್ಳುತ್ತವೆ.

ನನ್ನ ಮುಂದೆ ಕೊನೆಗೆ ಎರಡು ಆಯ್ಕೆಗಳು ಉಳಿದವು. ಸಂಬಳದ ಖಾತೆಯಿದ್ದ ಸರ್ಕಾರಿ ಬ್ಯಾಂಕು ಆಗಿನ ರೆಪೊ 6.5ರ ಮೇಲೆ 2.25 ಸೇರಿಸಿ ಶೇ. 8.75 ಹೇಳಿತು, ಮನೆಗೇ ಬಂದು ಕುಳಿತ ಖಾಸಗಿ ಗೃಹಸಾಲ ಸಂಸ್ಥೆಯ ಏಜೆಂಟರು ಶೇ. 8.65 ಎಂದರು. 20 ವರ್ಷದ ಅವಧಿಗೆ ತಿಂಗಳ ಕಂತಿನಲ್ಲಿ ಸುಮಾರು 140 ರೂಪಾಯಿ ಉಳಿತಾಯ! ಆದರೆ 2024ರ ಅಕ್ಟೋಬರಿನಿಂದಲೇ ಪ್ರತಿ ಹೊಸ ಗೃಹಸಾಲಕ್ಕೂ, ಬಡ್ಡಿ ಮತ್ತು ಶುಲ್ಕಗಳನ್ನೆಲ್ಲ ಒಂದೆಡೆ ತೋರಿಸುವ ‘ಪ್ರಮುಖ ಅಂಶಗಳ ಹೇಳಿಕೆ’ ಎಂಬ ಪತ್ರವನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಕೊಡುವುದು ಕಡ್ಡಾಯವಾಗಿತ್ತು. ನಾನು ಇಬ್ಬರಿಂದಲೂ ಅದನ್ನು ಕೇಳಿ ಪಡೆದು, ಊಟದ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿಕೊಂಡು ಕುಳಿತೆ. ಖಾಸಗಿ ಪತ್ರದಲ್ಲಿ ಶೇ. 1ರ ಪ್ರೊಸೆಸಿಂಗ್ ಶುಲ್ಕದ ಕೆಳಗೆ 72,000 ರೂಪಾಯಿಯ ವಿಮಾ ಕಂತು ಕಾಣಿಸಿತು. ಅದನ್ನು ಸಾಲದೊಳಗೇ ಸೇರಿಸಿದ್ದರಿಂದ ಅದಕ್ಕೂ 20 ವರ್ಷ ಬಡ್ಡಿ ಕಟ್ಟಬೇಕಾಗಿತ್ತು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅಲ್ಲಿ ಶೇ. 9.2 ದಾಟಿದರೆ, ಬ್ಯಾಂಕಿನದು 8.85ರ ಆಸುಪಾಸಿನಲ್ಲಿತ್ತು. ವಿಮೆ ಕಡ್ಡಾಯವೇ ಎಂದು ಕೇಳಿದ್ದಕ್ಕೆ ಏಜೆಂಟರು, “ಎಲ್ಲರೂ ಮಾಡಸ್ತಾರ್ರೀ ಸರ್,” ಎಂದರು. ಸಾಲವಿರುವವನಿಗೆ ಜೀವವಿಮೆ ಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿ ನಾನು ಹೊರಗೆ ಪ್ರತ್ಯೇಕವಾಗಿ ಟರ್ಮ್ ಪಾಲಿಸಿ ಮಾಡಿಸಿದೆ.

ಲೆಕ್ಕಕ್ಕಿಂತ ಹೆಚ್ಚು ಕಾಡಿದ್ದು ಕಾಗದಪತ್ರ. ಪಟ್ಟಣ ಪಂಚಾಯಿತಿಯ ಇ-ಖಾತೆ, ಕ್ರಯಪತ್ರ, 30 ವರ್ಷದ ಋಣಭಾರ ಪತ್ರ ಎಲ್ಲವೂ ಇದ್ದವು. ಆದರೂ ಬ್ಯಾಂಕಿನ ವಕೀಲರು ಒಂದು ಕಡೆ ಬೆರಳಿಟ್ಟರು: ಮಾರುವವರ ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಮಾಡಿಕೊಂಡ ವಾಟ್ನಿ (ಪಾಲುವಿಭಾಗ) ಪತ್ರದಲ್ಲಿ ಅವರ ಅಕ್ಕನ ಸಹಿ ಇರಲಿಲ್ಲ. ತಂದೆಯ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಇರುವುದರಿಂದ, ಆಕೆ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿಯಾಗದೆ ಸಾಲ ಮಂಜೂರಾಗದು ಎಂದರು. ಏಜೆಂಟರಿಗೆ ಈ ವಿಷಯ ಹೇಳಿದಾಗ, ಅದನ್ನು ತಾವು ‘ಅಡ್ಜಸ್ಟ್’ ಮಾಡುವುದಾಗಿ ಭರವಸೆ ಕೊಟ್ಟರು. ನಾನು ಅವರನ್ನು ಪೂರ್ತಿಯಾಗಿ ಬಿಟ್ಟದ್ದು ಆ ಕ್ಷಣದಲ್ಲಿ. ಮುಂದೊಂದು ದಿನ ದಾವೆ ಬಿದ್ದರೆ ಕೋರ್ಟು ಅಲೆಯುವವನು ನಾನೇ ಹೊರತು ಅವರಲ್ಲ.

ಆ ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಆರು ವಾರ ಹಿಡಿಯಿತು. ಕುಷ್ಟಗಿಯಿಂದ ಮಗನೊಂದಿಗೆ ಬಂದ ಆ ಅಕ್ಕ ಉಪನೋಂದಣಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕುಳಿತು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ ಕೇಳಿ, “ಇಷ್ಟ ದಿನ ನನ್ನ ಯಾರೂ ಕೇಳಿರಲಿಲ್ರಿ,” ಎಂದರು. ತಮ್ಮಂದಿರು ಒಂದೂವರೆ ಲಕ್ಷದ ಚೆಕ್ಕು ಕೈಗಿತ್ತ ಬಳಿಕವೇ ಹೆಬ್ಬೆರಳನ್ನು ಯಂತ್ರದ ಮೇಲಿಟ್ಟರು.

ಡಿಸೆಂಬರಿನಲ್ಲಿ ಸಾಲ ಬಿಡುಗಡೆಯಾಯಿತು. ಕಂತು 19,442 ರೂಪಾಯಿ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಮೂರು ಸಲ ರೆಪೊ ಇಳಿದು 5.5ಕ್ಕೆ ಬಂದಾಗ, ಅರ್ಜಿ ಕೊಡದೆಯೇ ನನ್ನ ಬಡ್ಡಿಯೂ ಹಂತಹಂತವಾಗಿ 7.75ಕ್ಕೆ ಇಳಿಯಿತು. ಕಂತು ಇಳಿಸುವುದೋ ಅವಧಿ ಇಳಿಸುವುದೋ ಎಂದು ಬ್ಯಾಂಕಿನವರು ಕೇಳಿದರು. ನಿವೃತ್ತಿಯ ವರ್ಷ ಲೆಕ್ಕ ಹಾಕಿ ಕಂತನ್ನು ಹಾಗೆಯೇ ಇಟ್ಟೆ, ಮೂವತ್ತಕ್ಕೂ ಹೆಚ್ಚು ಕಂತುಗಳು ಕಡಿಮೆಯಾದವು. ರೆಪೊ ಏರಿದರೆ ಇದೇ ವೇಗದಲ್ಲಿ ಬಡ್ಡಿಯೂ ಏರುತ್ತದೆಂಬುದು ತಿಳಿದಿರುವುದರಿಂದ ಮೂರು ಕಂತಿನಷ್ಟು ಹಣವನ್ನು ಠೇವಣಿಯಲ್ಲಿ ಇಟ್ಟುಕೊಂಡಿದ್ದೇನೆ.

ಈ ಲೆಕ್ಕ ನೋಡಿದ ಮಾಮಾ ಉಳಿದ ಸಾಲವನ್ನು ತಾವೂ ಬ್ಯಾಂಕಿಗೆ ವರ್ಗಾಯಿಸಿದರು. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲವಾದ್ದರಿಂದ ಅವರಿಗೆ ತಗುಲಿದ್ದು ಹೊಸ ಬ್ಯಾಂಕಿನ ಶುಲ್ಕ ಮತ್ತು ಅಡಮಾನದ ನೋಂದಣಿ ಖರ್ಚು ಮಾತ್ರ. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಮರಳಿಸದಿದ್ದರೆ, ತಪ್ಪು ಸಾಲ ಕೊಟ್ಟವರದಾದಾಗ, ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವನ್ನು ಅವರು ಅರ್ಜಿಯಲ್ಲೇ ಬರೆದಿದ್ದರು. ಪತ್ರಗಳು ಹನ್ನೊಂದನೆಯ ದಿನ ಬಂದವು.