ತೋಪಡದ ಬ್ಲೇಡುಗಳಿಗೆ ಒಂದು ಮರದ ಪೆಟ್ಟಿಗೆ

ಮರ ಹೆರೆದು ನುಣುಪು ಮಾಡುವ ತೋಪಡದ ಬ್ಲೇಡುಗಳನ್ನು ಸುಮ್ನೆ ಡ್ರಾಯರ್‌ಗೆ ಹಾಕಬೇಡಿ. ಒಂದಕ್ಕೊಂದು ತಾಗಿ, ಗಂಟೆಗಟ್ಟಲೆ ಮಸೆದ ಬಾಯಿ ಮುಕ್ಕಾಗುತ್ತದೆ. ನನ್ನದೊಂದು ಒಳ್ಳೆಯ ಬ್ಲೇಡು ಹೀಗೇ ಹಾಳಾಯಿತು, ತುಂಬಾ ಬೇಜಾರಾಯಿತು. ಆಮೇಲೆ ಹಳೇ ಬಾಗಿಲಿನ ತೇಗದ ತುಂಡುಗಳಿಂದ ಒಂದು ಚಪ್ಪಟೆ ಪೆಟ್ಟಿಗೆ ಮಾಡಿಕೊಂಡೆ.

ಕಬ್ಬಿಣದ ತೋಪಡದ ಬ್ಲೇಡಿನಲ್ಲಿ ಉದ್ದ ಸೀಳಿನ ಒಂದು ತುದಿಗೆ ದುಂಡು ತೂತು ಇರುತ್ತದೆ ಅಲ್ವಾ? ಅದಕ್ಕೆ ಸರಿಯಾಗಿ ಕೂರುವಂತೆ ಮರದ ಗೂಟ ಕೆತ್ತಿ, ಪೆಟ್ಟಿಗೆಯ ತಳದಲ್ಲಿ ತೂತು ಕೊರೆದು ಅಂಟಿಸಿ. ಬ್ಲೇಡು ಹಿಂದೆ ಮುಂದೆ ಜಾರುವುದಿಲ್ಲ. ಪಕ್ಕಕ್ಕೆ ತಿರುಗದಂತೆ ಎರಡೂ ಕಡೆ ತೆಳು ಪಟ್ಟಿ ಹೊಡೆಯಿರಿ. 2 ಇಂಚಿನ ಬ್ಲೇಡಿಗೆ ಪಟ್ಟಿಗಳ ನಡುವೆ 52 ಮಿಲಿಮೀಟರ್ ಜಾಗ ಸಾಕು. ಬಾಯಿಯ ಮುಂದೆ ಒಂದು ಬೆರಳಿನಷ್ಟು ಖಾಲಿ ಬಿಡಿ. ಅದು ಯಾವುದಕ್ಕೂ ತಾಗಲೇಬಾರದು.

ಮರ ಚೆನ್ನಾಗಿ ಒಣಗಿರಲಿ, ಹಸಿ ಮರದ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಒಳಗೆ ಸ್ಪಂಜು ಹಾಸಬೇಡಿ, ಅದೂ ತೇವ ಹಿಡಿದಿಡುತ್ತದೆ. ತೇಗದಲ್ಲಿ ಎಣ್ಣೆಯ ಅಂಶ ಇರುವುದರಿಂದ ನನಗೆ ಅದೇ ಇಷ್ಟ. ಮಲೆನಾಡು, ಕರಾವಳಿ ಕಡೆಯವರು ಮಳೆಗಾಲಕ್ಕೆ ಮುಂಚೆ ಬ್ಲೇಡುಗಳಿಗೆ ಹೊಲಿಗೆ ಮೆಷಿನ್ ಎಣ್ಣೆಯನ್ನು ತೆಳ್ಳಗೆ ಸವರಿಡಿ.